ದನಿ ಹೊಂದುತ್ತಿಲ್ಲ

ನಮ್ಮ ಕೇಂದ್ರದಲ್ಲಿ ಸುಡುವುದಕ್ಕೊಂದು ಗುಂಡಿ ಇತ್ತು, ಉಳಿಸುವುದಕ್ಕೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಮನೆಗೆ ಬಂದವರೆಲ್ಲ, ‘ಕುರ್ಚಿ ಮ್ಯಾಲೆ ನೀನ ಕುಂತಿದ್ದೆಲ್ಲ ಮಹಾನಂದಾ, ಉಳಸಬೇಕಿತ್ತು’ ಎಂದು ನನ್ನ ತಲೆ ತಿಂದಿದ್ದಾರೆ. ಅವರಿಗೆಲ್ಲ ಇದೊಂದೇ ಉತ್ತರ.

ಕೇಂದ್ರ ಇರುವುದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಕಿಟಕಿಗಳಿಗೆಲ್ಲ ಕಪ್ಪು ಗಾಜು ಹಾಕಿದ ಒಂದು ಕಟ್ಟಡದಲ್ಲಿ. ಕಂಪನಿಯ ಹೆಸರು ಭದ್ರಕವಚ. ಲ್ಯಾಪ್‌ಟಾಪ್ ಕದ್ದು, ಅದರ ಹೊಟ್ಟೆ ಬಗೆದು, ಒಳಗಿದ್ದ ಫೋಟೋ, ದನಿ, ಬ್ಯಾಂಕಿನ ಗುಟ್ಟುಗಳನ್ನೆಲ್ಲ ಹೊರತೆಗೆದು ಮಾರುವ ದಂಧೆ ವಿಪರೀತವಾದಾಗ ಸರ್ಕಾರ ಮುಚ್ಚಳ ಕಾಯ್ದೆ ತಂದಿತು. ಅಂದಿನಿಂದ ಪ್ರತಿ ಲ್ಯಾಪ್‌ಟಾಪಿನ ಹಿಂಬದಿಯ ತಗಡಿನ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಕಾವಲು ಚಿಪ್ ಇರುತ್ತದೆ. ಅದಕ್ಕೆ ತನ್ನದೇ ಪುಟ್ಟ ಸೆಲ್ಲು, ತನ್ನದೇ ಪುಟ್ಟ ಸಿಮ್ಮು. ದೊಡ್ಡ ಬ್ಯಾಟರಿಯ ವೈರು ಕಿತ್ತರೂ ಅದು ಸಾಯುವುದಿಲ್ಲ. ಸ್ಕ್ರೂ ಬಿಚ್ಚಿ ತಗಡು ಎತ್ತಿದ ಕೂಡಲೇ ನಮ್ಮ ಕೇಂದ್ರಕ್ಕೆ ಕೂಗು ಹಾಕುತ್ತದೆ.

ಕೂಗು ಬಂದೊಡನೆ ನಮ್ಮ ಕಂಪ್ಯೂಟರು ಆ ಲ್ಯಾಪ್‌ಟಾಪಿನ ಮಾಲೀಕರಿಗೆ ಫೋನ್ ಮಾಡುತ್ತದೆ. ಮಾಲೀಕರು ಎತ್ತಿಕೊಂಡು, ‘ಯಂತ್ರ ನನ್ನ ಬಳಿಯಿದೆ, ನಾನೇ ತೆರೆದಿದ್ದೇನೆ’ ಎನ್ನಬೇಕು. ಕೊಂಡ ದಿನ ಕೊಟ್ಟ ದನಿಗೂ ಈ ದನಿಗೂ ಹೊಂದಿದರೆ ಆಯಿತು, ಆಮೇಲೆ ಅವರು ಒಳಗೆ ಏನು ಬೇಕಾದರೂ ಮಾಡಿಕೊಳ್ಳಲಿ. ಮೂರು ಸಲ ಫೋನ್ ಎತ್ತದಿದ್ದರೆ, ಅಥವಾ ಎತ್ತಿಯೂ ಮೂರು ಸಲ ದನಿ ಹೊಂದದಿದ್ದರೆ, ಕಾವಲು ಚಿಪ್ ಒಳಗಿನ ಬೀಗದ ಕೈ ಅಳಿಸಿಹಾಕುತ್ತದೆ. ಒಳಗಿದ್ದದ್ದೆಲ್ಲ ಯಾರಿಗೂ ಅರ್ಥವಾಗದ ಕಸವಾಗುತ್ತದೆ. ಇದಕ್ಕೆ ನಾವು ಸುಡುವುದು ಎನ್ನುತ್ತೇವೆ. ಹೊಗೆ ಬರುವುದಿಲ್ಲ, ವಾಸನೆಯೂ ಬರುವುದಿಲ್ಲ. ಕುತ್ತಿಗೆಗೆ ಚಾಕು ಹಿಡಿಸಿಕೊಂಡು ಯಾರೋ ಮಾತಾಡುತ್ತಿದ್ದಾರೆ ಎಂದು ಅನುಮಾನ ಬಂದರೆ ಮಾತ್ರ ನಾವು, ಅಂದರೆ ಮೇಜಿಗೆ ಕೂತವರು, ಕಾಯದೆ ಗುಂಡಿ ಒತ್ತಿ ಸುಡಬಹುದು. ನಮಗಿದ್ದ ಅಧಿಕಾರ ಅಷ್ಟೇ. ಹುಬ್ಬಳ್ಳಿ-ಧಾರವಾಡದ ಹಗಲಿನ ಮೇಜು ನನ್ನದು.

ಸುಟ್ಟ ಮೇಲೆ ಬರುವ ಫೋನುಗಳನ್ನು ಕೇಳಬೇಕಾದದ್ದು ಮಾತ್ರ ನಾವು. ಧಾರವಾಡದ ಮದುವೆ ಫೋಟೋಗ್ರಾಫರ್ ಒಬ್ಬರು, ಹುಸೇನಸಾಬ ನದಾಫ ಅಂತ, ಒಮ್ಮೆ ಸುಟ್ಟ ಮರುಗಳಿಗೆಗೆ ಸಿಕ್ಕರು.

“ಅಕ್ಕಾರ, ಫೋನ್ ಅಡಗಿಮನ್ಯಾಗ ಚಾರ್ಜಿಗೆ ಇಟ್ಟಿದ್ನಿರಿ. ಫ್ಯಾನಿನ್ಯಾಗ ಧೂಳಾ ತುಂಬಿತ್ತು, ಊದಾಕಂತ ತಗದೀನಿ ಅಷ್ಟ. ಮದಿವಿ ಫೋಟೋ ಎಲ್ಲಾ ಅದರಾಗ ಅದಾವರಿ.”

“ಈಗ ಇಲ್ಲ,” ಎಂದೆ.

“ಏನ್ ಇಲ್ಲರೀ?”

“ಫೋಟೋ ಇಲ್ಲ.”

“ಕರಳ ಐತೋ ಇಲ್ಲೋ ನಿಮಗ?”

ಕಂಪನಿಯವರು ಕಲಿಸಿದ್ದನ್ನು ಒಪ್ಪಿಸಿದೆ. “ನಿಮ್ಮ ಸುರಕ್ಷತೆಗಾಗಿ ಈ ಕ್ರಮ ಕೈಗೊಳ್ಳಲಾಗಿದೆ. ಧನ್ಯವಾದ.” ಅವರು ನನ್ನ ತವರುಮನೆಯಿಂದ ಹಿಡಿದು ಎಲ್ಲರನ್ನೂ ಎತ್ತಿ ಬೈದರು. ನಾನು ಫೋನ್ ಇಟ್ಟು ಡಬ್ಬಿ ಬಿಚ್ಚಿ ರೊಟ್ಟಿ ತಿಂದೆ. ಬೈದವರಿಗೆಲ್ಲ ಮರುಗುತ್ತ ಕೂತರೆ ಈ ಕೆಲಸದಲ್ಲಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹೊಸ ಲ್ಯಾಪ್‌ಟಾಪ್ ಮಾರುವವರೂ ಭದ್ರಕವಚದವರೇ ಎಂಬುದು ಗೊತ್ತಿದ್ದೂ ನಾನು ಅಲ್ಲಿ ದುಡಿಯುತ್ತಿದ್ದೆ. ಕಂಪನಿಯ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ, ಜನರ ಮೇಲೂ ಇರಲಿಲ್ಲ.

ಮನೆಯಲ್ಲಿಯೂ ಬೈಗುಳಕ್ಕೆ ಬರವಿರಲಿಲ್ಲ. ನಮ್ಮ ಮನೆಯವರು, ಅಂದಾನಪ್ಪ ಕೊಪ್ಪದ, ಅಮರಗೋಳದ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಹರಾಜಿನ ಸವಾಲು ಕೂಗುತ್ತಿದ್ದವರು. ಅವರು ಒಂದು ಕಟ್ಟೆಯ ಮೇಲೆ ನಿಂತು ದರ ಕೂಗಿದರೆ ಮಾರುಕಟ್ಟೆಯ ಹೊರಗೆ ಲಾರಿಯಲ್ಲಿ ಮಲಗಿದ ಡ್ರೈವರು ಎದ್ದು ಕೂರುತ್ತಿದ್ದ. ಅದೇ ದನಿಯಲ್ಲಿ ಮನೆಯಲ್ಲಿ ಚಹಾ ಕೇಳುತ್ತಿದ್ದರು, ಅದೇ ದನಿಯಲ್ಲಿ ನಾನು ಮಾಡಿದ ಸಾರಿನಲ್ಲಿ ಹುಳುಕು ತೆಗೆಯುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. ಆದರೆ ಆ ಗಂಟಲಿನ ಮುಂದೆ ನನ್ನ ಗಂಟಲು ಎಲ್ಲಿ ನಡೆಯಬೇಕು?

ಆ ಗಂಟಲಲ್ಲೇ ಕ್ಯಾನ್ಸರ್ ಹುಟ್ಟಿತು. ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ತೆಗೆಯುವ ಮೊದಲು ಆಸ್ಪತ್ರೆಯವರು ಅವರನ್ನು ದಿನಗಟ್ಟಲೆ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡರು, ಆಮೇಲೆ ಆ ದನಿಯನ್ನು ಒಂದು ಹೊಸ ಲ್ಯಾಪ್‌ಟಾಪಿಗೆ ಕಲಿಸಿದರು. ಓದಲು ಮಕ್ಕಳ ಕಥೆ ಕೊಟ್ಟರೆ ಇವರು ಅದನ್ನು ಬದಿಗಿಟ್ಟು, ಸವಾಲು ಕೂಗಿ, ವ್ಯಾಪಾರಸ್ಥರನ್ನೆಲ್ಲ ಹೆಸರು ಹಿಡಿದು ಬೈದು ಬಂದರು. ಹಾಗಾಗಿ ಯಂತ್ರಕ್ಕೆ ಬೈಗುಳ ಬಹಳ ಚೆನ್ನಾಗಿ ಬರುತ್ತಿತ್ತು. ಇವರು ಟೈಪ್ ಮಾಡುವುದು, ಅದು ಅವರ ದನಿಯಲ್ಲೇ ಆಡುವುದು. ದನಿ ಕದ್ದು ಮೋಸ ಮಾಡುವವರ ಕಾಟದಿಂದ ಒಬ್ಬರ ದನಿ ಒಂದೇ ಯಂತ್ರದಲ್ಲಿರಬೇಕೆಂದು ಕಾಯ್ದೆ. ಇನ್ನೊಂದು ಪ್ರತಿ ಇಡುವಂತಿಲ್ಲ. ಆಸ್ಪತ್ರೆಯಲ್ಲಿ ಮಾಡಿದ ರೆಕಾರ್ಡಿಂಗುಗಳನ್ನು ನಮ್ಮ ಕಣ್ಣೆದುರೇ ಅಳಿಸಿದರು.

ಆ ಯಂತ್ರ ಪ್ರತಿ ಮಾತಿನಿಂದಲೂ ಕಲಿಯುತ್ತಿತ್ತು. ಯಾವ ಮಾತಿಗೆ ಇವರು ಎಷ್ಟು ಏರುತ್ತಾರೆ, ಎಲ್ಲಿ ತಡೆದು ಎಲ್ಲಿ ಹೊಡೆಯುತ್ತಾರೆ ಎಂಬುದನ್ನೆಲ್ಲ ಸೇರಿಸಿಟ್ಟುಕೊಳ್ಳುತ್ತಿತ್ತು. ಇವರೋ ಊರೆಲ್ಲ ಮಾತಾಡುವವರು. ಕೆಲವು ವರ್ಷಗಳಲ್ಲಿ ಯಂತ್ರದ ರ‍್ಯಾಮ್ ಸಾಲದಾಯಿತು. ಉತ್ತರಗಳು ತಡವಾಗತೊಡಗಿದವು.

ತಡ ಎಂದರೆ ಹೇಗೆ? ಒಂದು ಸಲ ಊಟಕ್ಕೆ ಕೂತಾಗ ಅವರ ತಂಗಿಯ ಮಾತು ಬಂತು. ಆಕೆ ಕೈಯಾಡಿಸಿದ ಅಡುಗೆಯೆಲ್ಲ ಉಪ್ಪುಪ್ಪು ಎಂದೆ. ಇವರು ಮುಖ ಕೆಂಪಗೆ ಮಾಡಿಕೊಂಡು ಪಟಪಟ ಟೈಪ್ ಮಾಡಿದರು. ಯಂತ್ರ ಗುಂಯ್‌ಗುಡುತ್ತ ಕೂತಿತು. ನಾನು ಉಂಡು, ತಾಟು ತೊಳೆದು, ಹಿತ್ತಲಲ್ಲಿ ಬಟ್ಟೆ ತೆಗೆಯುವಾಗ ಒಳಗಿನಿಂದ ಗುಡುಗು ಬಂತು: “ನಿಮ್ಮವ್ವನ ಮನ್ಯಾಗೇನ ಬಂಗಾರದ ತಾಟಿನ್ಯಾಗ ಉಣತಿದ್ದಿ ಏನಲೇ!”

“ಯಾ ವಿಷಯಕ್ಕ ಹೇಳಿದ್ರಿ ಇದನ್ನ?” ಎಂದು ಕೂಗಿ ಕೇಳಿದೆ. ನನಗೆ ನಗು ತಡೆಯಲಾಗಲಿಲ್ಲ. ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮದುವೆಯಾದ ಮೇಲೆ ಜಗಳದಲ್ಲಿ ನಾನು ಮೊದಲ ಸಲ ಗೆಲ್ಲತೊಡಗಿದ್ದು ಆಗಲೇ.

ಇವರು ದುರ್ಗದಬೈಲಿಗೆ ಹೋಗಿ ಹೊಸ ರ‍್ಯಾಮ್ ತಂದರು. ಬೆರಳುದ್ದದ ಹಸಿರು ಪಟ್ಟಿ, ಒಂದು ಅಂಚಿಗೆ ಬಂಗಾರದ ಬಣ್ಣದ ಗೆರೆಗಳು. ಅದನ್ನು ನನ್ನ ಮುಂದಿಟ್ಟು ಟೈಪ್ ಮಾಡಿದರು. ನಾನು ಕಾಯಿಪಲ್ಯೆ ಹೆಚ್ಚುತ್ತಿದ್ದೆ, ಹೆಚ್ಚಿ ಮುಗಿಯುವ ಹೊತ್ತಿಗೆ ಯಂತ್ರ ಆಡಿತು.

“ನೀ ಅದ ಆಫೀಸಿನ್ಯಾಗ ಕುಂತಿರ್ತಿ. ಒಂದ್ ಮಾತು ಹೇಳಿ ಇಡು. ತಗದು, ಇದನ್ನ ಸಿಗಿಸಿ, ಮುಚ್ಚೂದು ಅಷ್ಟ. ಹುಡುಗೂರ ಆಟಾ ಇದು.”

“ಕೈ ಹಚ್ಚಬ್ಯಾಡ್ರಿ,” ಎಂದೆ. “ಸುಟ್ಟರ ದನಿ ಹೋಗ್ತೈತಿ. ನಿಧಾನ ಆದ್ರ ನಿಧಾನ, ಯಾವ ರೈಲು ತಪ್ಪತೈತಿ ನಿಮಗ?”

ಸುಡುವ ಭಯ ಸುಳ್ಳಲ್ಲ. ಆದರೆ ಅದೊಂದೇ ಕಾರಣವಲ್ಲ ಎಂಬುದು ಅವರಿಗೂ ಗೊತ್ತಿತ್ತು. ಮತ್ತೆ ಟೈಪ್ ಮಾಡಿದರು. ಒಲೆಯ ಮೇಲೆ ಒಗ್ಗರಣೆ ಸಿಡಿಯುವಾಗ ಉತ್ತರ ಬಂತು.

“ನನಗ ಗೊತ್ತೈತಿ. ನಾ ಮೂಕ ಆದ್ರ ನಿನಗ ಹಬ್ಬ.”

“ಹೌದು, ಹಬ್ಬನ. ಹೋಳಿಗಿ ಮಾಡ್ತೀನಿ.”

ಅವರು ಲ್ಯಾಪ್‌ಟಾಪಿನ ಮುಚ್ಚಳವನ್ನು ರಪ್ಪನೆ ಮುಚ್ಚಿದರು. ನಮ್ಮ ಮನೆಯಲ್ಲಿ ಮಾತು ಬಿಡುವುದೆಂದರೆ ಅದೇ. ಮುಂದೆ ಎಷ್ಟೋ ದಿನ ಆ ಮುಚ್ಚಳ ತೆರೆಯಲಿಲ್ಲ. ನಾನು ತಾಟನ್ನು ಅವರ ಮುಂದೆ ಕುಕ್ಕಿ ಇಡುತ್ತಿದ್ದೆ, ಅವರು ಅರ್ಧ ಬಿಟ್ಟು ಏಳುತ್ತಿದ್ದರು.

ಮಾತು ಬಿಟ್ಟಿದ್ದಕ್ಕೇ ಅವರು ನನಗೆ ಹೇಳಲಿಲ್ಲ. ಹೇಳದೆ, ಹಗಲಿನ ಮೇಜಿಗೆ ಯಾರು ಕೂರುತ್ತಾರೆ ಎಂಬ ಲೆಕ್ಕ ಹಾಕಿ, ನಾನು ಕೆಲಸದ ಮೇಲಿರುವ ಹೊತ್ತನ್ನೇ ಆರಿಸಿಕೊಂಡು ಲ್ಯಾಪ್‌ಟಾಪ್ ಬೋರಲು ಹಾಕಿ ಸ್ಕ್ರೂ ಬಿಚ್ಚಿದರು. ಎಷ್ಟೇ ಜಗಳವಿರಲಿ, ಕೂಗು ಹೆಂಡತಿಯ ಮೇಜಿಗೇ ಬರುತ್ತದೆ, ಹೆಂಡತಿ ಬಿಟ್ಟುಕೊಡುವುದಿಲ್ಲ ಎಂಬ ಧೈರ್ಯ. ಉಳಿಸುವ ಗುಂಡಿ ನನ್ನ ಬಳಿ ಇಲ್ಲವೆಂದು ನಾನೂ ಎಂದೂ ಹೇಳಿರಲಿಲ್ಲ. ನನ್ನ ಮೇಲೆ ಅಷ್ಟು ಭರವಸೆ ಇದ್ದದ್ದನ್ನು ಅವರು ಬಾಯಿಬಿಟ್ಟು ಎಂದೂ ಹೇಳಿದವರಲ್ಲ.

ಊಟದ ಹೊತ್ತು ಮುಗಿದಿತ್ತು. ಪರದೆಯ ಮೇಲೆ ಕೆಂಪು ಗೆರೆ ಎದ್ದಿತು. ಜಾಗ: ಉಣಕಲ್. ತೆರೆದಿರುವ ಭಾಗ: ಹಿಂಬದಿ ತಗಡು. ಮಾಲೀಕರು: ಮಹಾನಂದಾ ಅಂದಾನಪ್ಪ ಕೊಪ್ಪದ.

ಜಾಗ ನಮ್ಮ ಮನೆಯದೇ. ನನ್ನ ಹೆಸರನ್ನೇ ಪೆದ್ದಳಂತೆ ನೋಡುತ್ತ ಕೂತೆ. ಆಮೇಲೆ ನೆನಪಾಯಿತು. ಲ್ಯಾಪ್‌ಟಾಪನ್ನು ಆಸ್ಪತ್ರೆಗೆ ತಂದುಕೊಟ್ಟದ್ದು ಆಪರೇಷನ್ನಿನ ದಿನ. ಇವರು ಒಳಗೆ ಪ್ರಜ್ಞೆಯಿಲ್ಲದೆ ಮಲಗಿದ್ದರು. ಯಾರಾದರೂ ಮಾಲೀಕರಾಗಿ ದನಿ ಕೊಡಬೇಕಲ್ಲ. ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಕೂತು ನಾನೇ ಕೊಟ್ಟಿದ್ದೆ. ಇವರಿಗೆ ಆ ದಿನದವರೆಗೂ ಯಂತ್ರ ತಮ್ಮ ಹೆಸರಿನಲ್ಲಿದೆ ಎಂದೇ ತಿಳಿವಳಿಕೆ.

ಕಿವಿಯಲ್ಲಿದ್ದ ಇಯರ್‌ಫೋನಿನಲ್ಲಿ ರಿಂಗಾಗತೊಡಗಿತು. ಗೋಡೆಯಾಚೆ, ಪಡಸಾಲೆಯ ಕಬ್ಬಿಣದ ಕಪಾಟಿನೊಳಗೆ, ನನ್ನ ಫೋನ್ ಹಾಡುತ್ತಿದ್ದದ್ದೂ ಸಣ್ಣಗೆ ಕೇಳುತ್ತಿತ್ತು. ಕೆಲಸದ ಹೊತ್ತಿನಲ್ಲಿ ಫೋನ್ ಹತ್ತಿರ ಇಟ್ಟುಕೊಳ್ಳುವಂತಿಲ್ಲ. ಬಂದ ಕೂಡಲೇ ಕಪಾಟಿಗೆ ಹಾಕಬೇಕು, ಬೀಗದ ಕೈ ಶಿಫ್ಟಿನ ಮುಖ್ಯಸ್ಥೆ ಜಮಖಂಡಿ ಮೇಡಂ ಅವರ ಸೊಂಟದಲ್ಲಿ. ಮೊದಲನೆಯ ಕರೆ ಹಾಗೇ ಹಾಡಿ ನಿಂತಿತು.

ಪ್ರಕರಣದ ನಡುವೆ ಕುರ್ಚಿ ಬಿಟ್ಟು ಎದ್ದರೆ ಕೆಲಸ ಹೋಯಿತೆಂದೇ ಅರ್ಥ. ಎದ್ದು ಓಡಿದೆ.

“ಮೇಡಂ, ಕಪಾಟಿನ ಕೈ ಕೊಡ್ರಿ.”

ಜಮಖಂಡಿ ತಲೆ ಎತ್ತಲಿಲ್ಲ. “ಡ್ಯೂಟಿ ಮುಗಿಯೂತನಕ ಫೋನ್ ಇಲ್ಲ. ಗೊತ್ತಿಲ್ಲೇನ್ ನಿಮಗ? ಮೊದ್ಲ ಕುರ್ಚಿ ಮ್ಯಾಲೆ ಹೋಗಿ ಕೂಡ್ರಿ.”

“ಅರ್ಜೆಂಟ್ ಐತ್ರಿ.”

“ಎಲ್ಲಾರದೂ ಅರ್ಜೆಂಟ. ನಿಮ್ಮ ಮೇಜಿನ ಮ್ಯಾಲೆ ಕೇಸ್ ನಡದೈತಿ, ಇಲ್ಲಿ ನಿಂತು ಹರಟಿ ಹೊಡೀಲಿಕತ್ತೀರಿ?”

ಕಪಾಟಿನೊಳಗೆ ಎರಡನೆಯ ಕರೆ ಹಾಡತೊಡಗಿತು. ನಿಜ ಹೇಳಿದರೆ ಸಂಬಂಧಿಕರ ಪ್ರಕರಣ ಎಂದು ನನ್ನನ್ನು ಹೊರಗೆ ಹಾಕುತ್ತಾರೆ. ಅದೂ ನಿಯಮವೇ. ಹೇಳಲೋ ಬೇಡವೋ ಎಂದು ಬಾಯಿ ತೆರೆದು ನಿಂತದ್ದರಲ್ಲಿ ಆ ಕರೆಯೂ ನಿಂತುಹೋಯಿತು.

“ನಮ್ಮ ಮನೀದ ಲ್ಯಾಪ್‌ಟಾಪ್ ಅದು! ನಮ್ಮ ಮನಿಯವ್ರ ದನಿ ಐತಿ ಅದರಾಗ! ಕೊಡ್ತೀಯೋ ಇಲ್ಲೋ!”

ಮೇಡಂ ಎನ್ನುವುದೂ ಹೋಯಿತು, ರೀ ಎನ್ನುವುದೂ ಹೋಯಿತು. ಆಕೆ ನನ್ನ ಮುಖ ನೋಡಿ, ಸೊಂಟದ ಗೊಂಚಲನ್ನು ಸೀರೆಯ ನೆರಿಗೆ ಸಮೇತ ಎಳೆದು ಎಸೆದಳು. “ಹೋಗ ಮಾರಾಯ್ತಿ! ನಿನ್ನ ಕೆಲಸಾ ಹೋದ್ರ ನನ್ನ ಕೇಳಬ್ಯಾಡ!”

ಮೂರನೆಯ ಕರೆಗೆ ಫೋನ್ ಕೈಗೆ ಸಿಕ್ಕಿತು.

“ವಾಕ್ಯವನ್ನು ಹೇಳಿ,” ಎಂದಿತು ಅದು.

“ಯಂತ್ರ ನನ್ನ ಬಳಿಯಿದೆ, ನಾನೇ ತೆರೆದಿದ್ದೇನೆ,” ಎಂದೆ ಏದುಸಿರು ಬಿಡುತ್ತ.

“ದನಿ ಹೊಂದುತ್ತಿಲ್ಲ.”

“ಯಂತ್ರ ನನ್ನ ಬಳಿಯಿದೆ! ನಾನೇ ತೆರೆದಿದ್ದೇನೆ!” ಇಡೀ ಪಡಸಾಲೆ ನಡುಗುವಂತೆ ಕಿರುಚಿದೆ.

“ದನಿ ಹೊಂದುತ್ತಿಲ್ಲ.”

ಜಮಖಂಡಿ ನನ್ನ ಭುಜ ಹಿಡಿದಿದ್ದಳು. “ಹಿಂಗ ಒದರಿದ್ರ ಹೆಂಗ್ ಹೊಂದತೈತಿ? ಕೊಂಡ ದಿನಾ ಹೆಂಗ್ ಹೇಳಿದ್ರಿ, ಹಂಗ ಹೇಳ್ರಿ. ಸಮಾಧಾನ್ಲೆ.”

ಕೊಂಡ ದಿನ ಹೇಗೆ ಹೇಳಿದ್ದೆ? ಮಡಿಲಲ್ಲಿ ಅವರ ಬಿಚ್ಚಿದ ಅಂಗಿ, ವಾಚು ಇದ್ದವು. ಹೊಟ್ಟೆಯಲ್ಲಿ ಅನ್ನ ಇರಲಿಲ್ಲ. ದೇವರೇ, ಇವರನ್ನು ಒಂದು ಸಲ ಹೊರಗೆ ಕಳಿಸು, ಬೈಸಿಕೊಂಡೇ ಇರುತ್ತೇನೆ ಎಂದು ಬೇಡುತ್ತಿದ್ದೆ. ಆ ಹೊತ್ತಿನಲ್ಲಿ ಒಬ್ಬ ಹುಡುಗಿ ಮೈಕ್ ಹಿಡಿದಿದ್ದಳು, ನಾನು ಹೇಳಿದ್ದೆ. ಆ ಮೆತ್ತಗಿನ ದನಿ ಎಲ್ಲಿ ಹೋಯಿತು? ಇಷ್ಟು ವರ್ಷ ಕೂಗಾಡಿ, ಎದುರುತ್ತರ ಕೊಟ್ಟು, ಕಂಪನಿಯ ಫೋನಿನಲ್ಲಿ ಕಲ್ಲಿನಂತೆ ಮಾತಾಡಿ, ಅದನ್ನು ಎಲ್ಲಿ ಕಳೆದುಕೊಂಡೆನೋ. ಹುಡುಕಿದೆ. ಕಣ್ಣು ಮುಚ್ಚಿ, ದನಿ ಇಳಿಸಿ, ಮೂರನೆಯ ಸಲ ಹೇಳಿದೆ. ನನ್ನ ಕಿವಿಗೇ ಅದು ಬೀಗರ ಮುಂದೆ ಆಡುವ ಮಾತಿನ ಹಾಗೆ ಕೇಳಿಸಿತು.

“ದನಿ ಹೊಂದುತ್ತಿಲ್ಲ. ನಿಮ್ಮ ಸುರಕ್ಷತೆಗಾಗಿ ಈ ಕ್ರಮ ಕೈಗೊಳ್ಳಲಾಗಿದೆ. ಧನ್ಯವಾದ.”

ನಾನು ಆ ಕಟ್ಟಡದಿಂದ ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ತಿಳಿಯದೆ ಹೊರಬಿದ್ದೆ. ಆಟೋದಲ್ಲಿ ಉದ್ದಕ್ಕೂ ಅವರನ್ನೇ ಬೈದೆ. ಹೇಳದೆ ಕೇಳದೆ ಬಿಚ್ಚುವ ಗಂಡಸು ಎಂಥ ಗಂಡಸು? ನನಗೆ ಒಂದು ಮಾತು ಹೇಳಿದ್ದರೆ ರಜೆ ಹಾಕಿ, ಫೋನ್ ಕೈಯಲ್ಲಿ ಹಿಡಿದು ಕೂರುತ್ತಿರಲಿಲ್ಲವೇ? ಕೂರುತ್ತಿರಲಿಲ್ಲ ಎಂದು ನೆನಪಾದಾಗ ಆಟೋದವನನ್ನು ಬೈದೆ.

ಇವರು ನಡುಮನೆಯಲ್ಲಿ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂತಿದ್ದರು. ನನ್ನ ಒಗ್ಗರಣೆ ಡಬ್ಬಿ ತಂದು, ಸಾಸಿವೆ ಜೀರಿಗೆಯನ್ನೆಲ್ಲ ಒಂದೇ ಬಟ್ಟಲಿಗೆ ಸುರುವಿ, ಖಾಲಿ ಬಟ್ಟಲುಗಳಲ್ಲಿ ಉದ್ದದ ಸ್ಕ್ರೂ ಬೇರೆ, ಗಿಡ್ಡ ಸ್ಕ್ರೂ ಬೇರೆ ಇಟ್ಟಿದ್ದರು. ಲ್ಯಾಪ್‌ಟಾಪ್ ಬೆನ್ನು ಬಿಚ್ಚಿಕೊಂಡು ಬಿದ್ದಿತ್ತು. ಅವರು ಹೊಸ ರ‍್ಯಾಮಿನ ಬಂಗಾರದ ಗೆರೆಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಿದ್ದರು. ನನ್ನನ್ನು ನೋಡಿ ತಲೆ ತಗ್ಗಿಸಿದರು. ತಪ್ಪು ಮಾಡಿದ ಮುಖ ಅವರದು ಎಂದೂ ಕಂಡಿರಲಿಲ್ಲ ನಾನು.

ಪಟ್ಟಿಯನ್ನು ಓರೆಯಾಗಿ ಸಂದಿಗೆ ಇಟ್ಟು ಅದುಮಿದರು, ಎರಡೂ ಕಡೆಯ ಕೊಕ್ಕೆಗಳಿಗೆ ಟಕ್ ಎಂದು ಕೂತಿತು. ಬ್ಯಾಟರಿಯ ವೈರು ಸಿಗಿಸಿ, ತಗಡು ಮುಚ್ಚಿ, ತಿರುಗಿಸಿ ಗುಂಡಿ ಒತ್ತಿದರು. ಕಣ್ಣು ಮಿಟುಕಿಸುವುದರಲ್ಲಿ ಪರದೆ ಬೆಳಗಿತು. ಇಷ್ಟು ಚುರುಕಾಗಿ ಅದು ಎಂದೂ ಎದ್ದಿರಲಿಲ್ಲ. ಅವರು ಒಂದೆರಡು ಅಕ್ಷರ ಒತ್ತಿದರು.

“ನಮಸ್ಕಾರ. ನಿಮ್ಮ ದಿನ ಶುಭವಾಗಿರಲಿ,” ಎಂದಿತು ಯಾರೋ ಹೆಂಗಸಿನ ನಯವಾದ ದನಿ, ಸುಟ್ಟ ಮೇಲೂ ಉಳಿಯುವ, ಯಂತ್ರದ ಜೊತೆಗೇ ಬಂದ ದನಿ.

ಅವರು ನನ್ನ ಕಡೆ ನೋಡಿ, ತಮ್ಮ ಕೈ ತೋರಿಸಿ, ಕೈ ಅಲ್ಲಾಡಿಸಿದರು. ಎಲ್ಲೋ ಸರಿಯಾಗಿ ಕೂತಿಲ್ಲ, ನನ್ನ ಕೈ ತಪ್ಪಿದೆ, ಇನ್ನೊಮ್ಮೆ ನೋಡುತ್ತೇನೆ ಎಂದು. ಮತ್ತೆ ಸ್ಕ್ರೂಡ್ರೈವರ್ ಹಿಡಿದರು. ಎಷ್ಟು ಸಲ ಬಿಚ್ಚಿ ಮುಚ್ಚಿದ್ದರೋ, ಬೆರಳ ತುದಿ ಕೆಂಪಾಗಿತ್ತು.

ಸುಮ್ಮನಿರಬಹುದಿತ್ತು ನಾನು. ಅವರ ಕೈಯದೇ ತಪ್ಪು ಎಂದು ಸಾಯುವತನಕ ಹಂಗಿಸಬಹುದಿತ್ತು. ಇದಕ್ಕಿಂತ ದೊಡ್ಡ ಗೆಲುವು ಯಾವ ಜಗಳದಲ್ಲೂ ಸಿಗುತ್ತಿರಲಿಲ್ಲ.

“ಬಿಡ್ರಿ ಅದನ್ನ,” ಎಂದೆ. “ನಿಮ್ಮ ಕೈ ಬರೋಬ್ಬರಿ ಐತಿ. ಸುಟ್ಟೈತಿ ಅದು. ಮಷೀನ್ ನನ್ನ ಹೆಸರಿನ್ಯಾಗ ಇತ್ತು. ಆಪರೇಷನ್ ದಿನಾ ದನಿ ನಾನ ಕೊಟ್ಟಿದ್ದೆ. ಇವತ್ತು ನನ್ನ ದನಿ ಹೊಂದಲಿಲ್ಲ.”

ಅವರು ಸ್ಕ್ರೂಡ್ರೈವರ್ ಕೆಳಗೆ ಹಾಕಿದರು. ಆಮೇಲೆ ಕೀಲಿಗಳ ಮೇಲೆ ಬೆರಳು ಬಡಿದರು.

“ಕ್ಷಮಿಸಿ,” ಎಂದಿತು ಆ ಹೆಂಗಸು. “ಈ ವಾಕ್ಯದಲ್ಲಿ ಅಸಭ್ಯ ಪದಗಳಿವೆ. ದಯವಿಟ್ಟು ಬೇರೆ ರೀತಿಯಲ್ಲಿ ಬರೆಯಿರಿ.”

ಮತ್ತೆ ಬಡಿದರು. “ಕ್ಷಮಿಸಿ. ಈ ವಾಕ್ಯದಲ್ಲಿ...” ಮತ್ತೆ. “ಕ್ಷಮಿಸಿ...” ಅವರು ನೆಲಕ್ಕೆ ಮುಷ್ಟಿ ಗುದ್ದಿದರು. ಸ್ಕ್ರೂಗಳು ಬಟ್ಟಲಿನಿಂದ ಹಾರಿ ಚೆಲ್ಲಿದವು. ಬಾಯಿ ತೆರೆದು ಕಿರುಚಲು ನೋಡಿದರು, ಕತ್ತಿನ ತೂತಿನಿಂದ ಗಾಳಿ ಮಾತ್ರ ಬಂತು.

ನಾನು ಅವರ ಪಕ್ಕದಲ್ಲಿ ಕೂತು ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಅಲ್ಲಿದ್ದದ್ದನ್ನು ಅವರ ಹಾಗೆಯೇ, ಸವಾಲಿನ ಕಟ್ಟೆಯ ಮೇಲೆ ನಿಂತವರ ಹಾಗೆ, ಗಂಟಲು ಹರಿಯುವಂತೆ ಓದಿದೆ:

“ಏ ಮನಿಮುರುಕಿ! ನಿನ್ನ ನಾಲಗಿಗೆ ಬೆಂಕಿ ಬೀಳ್ಲಿ! ನಾ ಸತ್ತಿದ್ರ ಚಲೋ ಇತ್ತಲ್ಲಲೇ ನಿನಗ!”

ಅವರು ದಂಗಾಗಿ ನೋಡಿದರು. ಇನ್ನೊಂದು ಟೈಪ್ ಮಾಡಿದರು. ಅದನ್ನೂ ಓದಿದೆ. ನಡುವೆ ತಡೆಯುವಲ್ಲಿ ತಡೆದು, ಏರುವಲ್ಲಿ ಏರಿದೆ. ಅವೆಲ್ಲ ನನಗೆ ಬಾಯಿಪಾಠ. ಒಂದು ಕಡೆ ಮೆತ್ತಗಾದಾಗ ಅವರು ಕೈ ಎತ್ತಿ ಜೋರಾಗಿ ಎಂದು ಸನ್ನೆ ಮಾಡಿದರು. ಜೋರಾಗಿಯೇ ಹೇಳಿದೆ. ಪಕ್ಕದ ಮನೆಯ ಶಾರವ್ವ ಕಿಟಕಿಯಲ್ಲಿ ಇಣುಕಿ, “ಅಕ್ಕಾರ, ಯಾರಿಗೆ ಬೈಯಾಕತ್ತೀರಿ?” ಎಂದಳು.

“ನನಗ,” ಎಂದೆ. “ನೀ ಒಳಗ ಹೋಗ.”

ಬೈಗುಳ ಮುಗಿದವು. ಅವರು ಸೋತು ಗೋಡೆಗೊರಗಿ ಕೂತರು. ಆಮೇಲೆ ಲ್ಯಾಪ್‌ಟಾಪ್ ಎಳೆದುಕೊಂಡು ಏನೋ ಬರೆದು, ಆ ಹೆಂಗಸು ಓದದಂತೆ ದನಿಯ ಗುಂಡಿ ಬಂದ್ ಮಾಡಿ, ಪರದೆ ನನ್ನ ಕಡೆ ತಿರುಗಿಸಿದರು.

‘ಆಪರೇಷನ್ ದಿನಾ ಹೆಂಗ್ ಹೇಳಿದ್ದಿ? ನಾ ಕೇಳಿಲ್ಲ. ಒಮ್ಮೆ ಹೇಳು.’

ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. “ಯಂತ್ರ ನನ್ನ ಬಳಿಯಿದೆ,” ಎಂದೆ. ಮುಂದಿನದು ಬರಲಿಲ್ಲ, ತಡೆದು ತಡೆದು ಅದನ್ನೂ ಹೇಳಿದೆ. ಹೊಂದಿತೋ ಇಲ್ಲವೋ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು, ಮುಚ್ಚಿಕೊಂಡೇ, ಇನ್ನೊಮ್ಮೆ ಎಂದು ಕೈ ಮಾಡಿದರು.